ಅಹ್ಸನಾಬಾದಿನ ಕಲ್ಲುಗಳು: ನಮ್ಮ ಕೈಯಲ್ಲಿರುವ ಅಮಾನತ್ತು

ನಮ್ಮ ಕಡೆ ಹಳೆಯ ಮಸೀದಿಯೊಂದನ್ನು ಕೆಡವಿ ಹೊಸದು ಕಟ್ಟುವಾಗ ‘ಕೆಡವಿದೆವು’ ಎಂದು ಯಾರೂ ಹೇಳುವುದಿಲ್ಲ, ‘ಶಹೀದ್ ಮಾಡಿದೆವು’ ಎನ್ನುತ್ತಾರೆ. ಅಲ್ಲಾಹನ ಮನೆಯ ಬಗ್ಗೆ ಒರಟು ಮಾತು ಬಾಯಲ್ಲಿ ಬರಬಾರದೆಂಬ ಅದಬು ಅದು. ಹಿರಿಯರು ಕಲಿಸಿದ ಮಾತು, ಒಳ್ಳೆಯ ಮಾತು. ಆದರೆ ಈ ಅದಬಿನ ಮಾತಿನ ಮರೆಯಲ್ಲಿ ಎಷ್ಟು ಕಲ್ಲಿನ ಕಮಾನುಗಳು, ಎಷ್ಟು ಗಚ್ಚಿನ ಹೂಬಳ್ಳಿಗಳು, ಎಷ್ಟು ಫಾರ್ಸಿ ಬರಹದ ಹಲಗೆಗಳು ಟ್ರ್ಯಾಕ್ಟರ್ ಏರಿ ಊರ ಹೊರಗಿನ ಹಳ್ಳ ಸೇರಿದವು ಎಂಬ ಲೆಕ್ಕವನ್ನು ಯಾವ ಕಮಿಟಿಯ ರಿಜಿಸ್ಟರಿನಲ್ಲೂ ಬರೆದಿಟ್ಟಿಲ್ಲ. ಚಂದಾ ಕೊಟ್ಟವರ ಹೆಸರಿದೆ, ಸಿಮೆಂಟಿನ ಬಿಲ್ಲಿದೆ. ಕಳೆದುಕೊಂಡದ್ದರ ಹೆಸರಿಲ್ಲ.

ಹಿಂದಿನ ಕೆಲವು ಜುಮಾಗಳಲ್ಲಿ ಅಮಾನತ್ತಿನ ಬಗ್ಗೆ ಮಾತಾಡಿದ್ದೆ. ಅಮಾನತ್ತು ಎಂದರೆ ನಮ್ಮ ಬಳಿ ಇಟ್ಟುಹೋದ ಹಣ, ಒಡವೆ ಅಷ್ಟೇ ಎಂದು ನಾವು ತಿಳಿದಿದ್ದೇವೆ. ಕಲಬುರಗಿಯ ಮುಸ್ಲಿಮರಿಗೆ ಅದಕ್ಕಿಂತ ದೊಡ್ಡ ಅಮಾನತ್ತೊಂದು ಆರುನೂರು ವರ್ಷಗಳಿಂದ ಬಂದಿದೆ. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಈ ಬರಹದ ಉದ್ದೇಶ.

1347ರಲ್ಲಿ ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದ ಅಲಾವುದ್ದೀನ್ ಹಸನ್ ಬಹಮನ್ ಶಾಹ ದೆಹಲಿಯ ತುಘಲಕರ ಹಿಡಿತದಿಂದ ದಖ್ಖನನ್ನು ಬಿಡಿಸಿಕೊಂಡು ತನ್ನ ರಾಜಧಾನಿಯನ್ನು ಕಲಬುರಗಿಗೆ ತಂದ. ಊರಿಗೆ ಅಹ್ಸನಾಬಾದ್ ಎಂಬ ಹೆಸರು ಬಂತು. ಆಮೇಲೆ ಅಹಮದ್ ಶಾಹ ಬೀದರಿಗೆ ರಾಜಧಾನಿ ಒಯ್ಯುವ ತನಕ, ಹೆಚ್ಚುಕಡಿಮೆ ಎಂಬತ್ತು ವರ್ಷ, ದಖ್ಖನದ ರಾಜಕೀಯ, ವಿದ್ಯೆ, ವ್ಯಾಪಾರ ಎಲ್ಲವೂ ಈ ಊರಿನ ಸುತ್ತ ತಿರುಗಿತು. ಇಂದು ‘ಹಿಂದುಳಿದ ಪ್ರದೇಶ’ ಎಂಬ ಮಾತು ಕೇಳಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಕಷ್ಟ.

ಆ ಎಂಬತ್ತು ವರ್ಷಗಳ ಕಟ್ಟಡಗಳು ಊರ ತುಂಬ ಹರಡಿಕೊಂಡಿವೆ. ಮೊದಮೊದಲಿನವು ದೆಹಲಿಯ ತುಘಲಕರ ಕಟ್ಟಡಗಳ ಹಾಗೆಯೇ ಇವೆ: ದಪ್ಪ ಗೋಡೆ, ಮೇಲೇರುತ್ತ ಸ್ವಲ್ಪ ಒಳಕ್ಕೆ ವಾಲುವ ಮೈ, ಹೆಚ್ಚು ಅಲಂಕಾರವಿಲ್ಲ. ಶಾಹ್ ಬಜಾರಿನ ಮಸೀದಿಯನ್ನು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಇಂದಿಗೂ ನಮಾಜ್ ನಡೆಯುತ್ತದೆ. ಲಂಗರ್ ಕಿ ಮಸ್ಜಿದ್ ಎಂದು ಕರೆಯುವ ಸಣ್ಣ ಮಸೀದಿಯ ಒಳಗೆ ಹೋಗಿ ತಲೆಯೆತ್ತಿದರೆ ಕಲ್ಲು ಗಾರೆಯ ಚಾವಣಿಯಲ್ಲಿ ಮರದ ತೊಲೆಗಳಂತೆ ಬಾಗಿದ ಪಟ್ಟಿಗಳು ಕಾಣುತ್ತವೆ. ಮರದ ಮನೆ ಕಟ್ಟಿ ಪಳಗಿದ ಕೈಗಳೇ ಅದನ್ನು ಕಲ್ಲಿನಲ್ಲಿ ಮಾಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಎಂದರೆ ಇಲ್ಲಿನ ಮಣ್ಣಿನ ಕುಶಲಕರ್ಮಿಗಳು. ಸುಲ್ತಾನರು ಹೊರಗಿನಿಂದ ಬಂದಿರಬಹುದು, ಉಳಿ ಸುತ್ತಿಗೆ ಹಿಡಿದವರೆಲ್ಲ ಹೊರಗಿನವರಲ್ಲ.

ಕೋಟೆಯೊಳಗಿನ ಜಾಮಿ ಮಸೀದಿಯ ಬಗ್ಗೆ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ಇದು ಸ್ಪೇನಿನ ಕೊರ್ದೋವಾ ಮಸೀದಿಯ ಮಾದರಿಯಲ್ಲಿ ಕಟ್ಟಿದ್ದು ಎಂದು. ಗೈಡುಗಳು ಹೇಳುತ್ತಾರೆ, ಶಾಲೆಯ ಮೇಷ್ಟ್ರು ಹೇಳುತ್ತಾರೆ, ನಮ್ಮ ಜಲಸಾಗಳಲ್ಲೂ ಭಾಷಣಕಾರರು ಹೇಳುತ್ತಾರೆ. ಕೇಳಲು ಹೆಮ್ಮೆ ಅನ್ನಿಸುತ್ತದೆ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತು ನಿಲ್ಲುವುದಿಲ್ಲ. 785ರಲ್ಲಿ ಆರಂಭವಾದ ಕೊರ್ದೋವಾ ಮಸೀದಿಗೆ ದೊಡ್ಡ ಅಂಗಳವಿದೆ, ಒಳಗೆ ತೆಳುವಾದ ಕಂಬಗಳ ಕಾಡೇ ಇದೆ. ನಮ್ಮದಕ್ಕೆ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಚಾವಣಿ ಇದೆ. ಮಿಹ್ರಾಬಿನ ಮುಂದೆ ಒಂದು ದೊಡ್ಡ ಗುಂಬಜು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಸಾಲುಸಾಲಾಗಿ ಸಣ್ಣ ಗುಂಬಜುಗಳು. ಕಂಬಗಳ ಬದಲು ದಪ್ಪನೆಯ ಚೌಕ ಕಂಬಗಟ್ಟುಗಳು, ಹೊರಸಾಲಿನಲ್ಲಿ ನೆಲದಿಂದ ಸ್ವಲ್ಪವೇ ಮೇಲೆ ಎದ್ದು ಬಲು ಅಗಲಕ್ಕೆ ಚಾಚುವ ಕಮಾನುಗಳು. ಆ ಕಮಾನುಗಳ ಅಗಲವೂ ತಗ್ಗೂ ಒಂದಕ್ಕೊಂದು ಹೊಂದುವ ರೀತಿಯನ್ನು ಬೇರೆಲ್ಲೂ ನೋಡಲು ಸಿಗುವುದು ಅಪರೂಪ. ಹಿಂದೂಸ್ಥಾನದ ಮಸೀದಿಗಳಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಅಂಗಳ ಬಿಟ್ಟು ಪೂರ್ತಿ ಚಾವಣಿ ಹೊದಿಸಿದ್ದು ಹೊಸ ಯೋಚನೆ. ಅದನ್ನು ಕೊರ್ದೋವಾದ ನಕಲು ಎಂದರೆ ಕಟ್ಟಿದವನ ಬುದ್ಧಿಯನ್ನು ಕಡಿಮೆ ಮಾಡಿದಂತೆ.

ಕಟ್ಟಿದವನ ಹೆಸರೂ ನಮಗೆ ಸಿಕ್ಕಿದೆ. ಅಲ್ಲಿನ ಶಾಸನ ಹಿಜರಿ 769, ಎಂದರೆ 1367ನೇ ಇಸವಿಯನ್ನು ಕೊಟ್ಟು, ಕಜ್ವೀನಿನ ಮನ್ಸೂರರ ಮಗ ಶಂಸ್, ಅವರ ಮಗ ರಫೀ ಎಂದು ಹೇಳುತ್ತದೆ. ಇರಾನಿನ ಊರೊಂದರಿಂದ ಬಂದು ಇಲ್ಲಿಯ ಕಪ್ಪು ಕಲ್ಲಿನಲ್ಲಿ ತನ್ನ ಹೆಸರು ಉಳಿಸಿ ಹೋದ ಮನುಷ್ಯ. ಈ ಒಂದು ಬರಹದ ಕಲ್ಲನ್ನು ಯಾರೋ ಒಬ್ಬ ಕಾಂಟ್ರಾಕ್ಟರ್ ಟೈಲ್ಸ್ ಕೂರಿಸಲು ಕಿತ್ತು ಹಾಕಿದ್ದರೆ, ಆ ಹೆಸರನ್ನು ಯಾವ ವಿದ್ವಾಂಸರೂ ಮತ್ತೆ ಹುಡುಕಿಕೊಡುತ್ತಿರಲಿಲ್ಲ. ಶಾಸನ ಎಂದರೆ ಇಷ್ಟೇ ಸೂಕ್ಷ್ಮ.

ಹಫ್ತ್ ಗುಂಬಜಿನ ಬಗ್ಗೆ ಬೇಗ ಹೇಳಿ ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ಅದನ್ನು ನೋಡದವರು ಈ ಪತ್ರಿಕೆಯ ಕಲಬುರಗಿ ಓದುಗರಲ್ಲಿ ಇರಲಾರರು. ಅಲ್ಲಿ ಕಡೆಯದೂ ದೊಡ್ಡದೂ ಆದ ಗೋರಿ 1422ರಲ್ಲಿ ತೀರಿಕೊಂಡ ಫಿರೋಜ್ ಶಾಹನದು, ಒಂದಕ್ಕೊಂದು ಅಂಟಿದ ಎರಡು ಕೋಣೆಗಳುಳ್ಳದ್ದು. ಅದೇ ವರ್ಷ ಜಿಲ್‌ಕಾದ್ ತಿಂಗಳಲ್ಲಿ ಹಜರತ್ ಖ್ವಾಜಾ ಬಂದೇ ನವಾಜ್ (ರ) ಕೂಡ ವಫಾತಾದರು. ಸುಲ್ತಾನನ ಗೋರಿಗೂ ದರವೇಶಿಯ ಗೋರಿಗೂ ನಡುವೆ ಹೆಚ್ಚು ದೂರವಿಲ್ಲ. ಒಂದರಲ್ಲಿ ವರ್ಷವಿಡೀ ಜನ, ಇನ್ನೊಂದರಲ್ಲಿ ಪಾರಿವಾಳ. ಇದರಲ್ಲಿ ಪಾಠ ಇದೆ ಎಂದು ಖುತ್ಬಾದಲ್ಲಿ ಹೇಳಬಹುದು, ಹೇಳಿದ್ದೇನೆ ಕೂಡ. ಆದರೆ ಸುಲ್ತಾನನ ಗೋರಿ ಬಿದ್ದುಹೋದರೆ ಆ ಪಾಠ ಹೇಳಲು ತೋರಿಸುವುದೇನನ್ನು?

ಈಗ ಕಾಪಾಡುವ ಕೆಲಸದ ಇತಿಹಾಸಕ್ಕೆ ಬರೋಣ. ಇದು ಯಾರೋ ಹೊರಗಿನವರು ನಮಗೆ ಕಲಿಸಿದ ಕೆಲಸವಲ್ಲ. ನಮ್ಮ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ 1914ರಲ್ಲಿ ಅಲ್ಲಿ ಪುರಾತತ್ವ ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಗುಲಾಮ್ ಯಜ್ದಾನಿ. ಸುಮಾರು ಮೂರು ದಶಕ ಅವರು ಆ ಕುರ್ಚಿಯಲ್ಲಿದ್ದರು. ಬೀದರಿನ ಕಟ್ಟಡಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1947ರಲ್ಲಿ ಬಂತು, ಇಂದಿಗೂ ಅದಿಲ್ಲದೆ ಬೀದರಿನ ಮಾತಾಡಲಾಗದು. ಆದರೆ ನಾನು ಇಲ್ಲಿ ನೆನಪಿಸಬೇಕೆಂದಿರುವುದು ಅವರ ಇನ್ನೊಂದು ಕೆಲಸವನ್ನು. ಅಜಂತಾದ ಬೌದ್ಧ ಗುಹೆಗಳು ಆಗ ನಿಜಾಮರ ಸೀಮೆಯಲ್ಲಿದ್ದವು. 1920ರ ದಶಕದ ಆರಂಭದಲ್ಲಿ ಆ ಗುಹೆಗಳ ಚಿತ್ರಗಳು ಉದುರದಂತೆ ಮಾಡಲು ಇಟಲಿಯಿಂದ ಪರಿಣತರನ್ನು ಕರೆಸಲಾಯಿತು. ಆ ಚಿತ್ರಗಳ ಮೇಲೆ ಯಜ್ದಾನಿಯವರು ಹಲವು ಸಂಪುಟ ಬರೆದರು. ಕಲೀಮಾ ಓದುವ ಅಧಿಕಾರಿಯೊಬ್ಬರು, ಮುಸ್ಲಿಮ್ ಅರಸನ ಖಜಾನೆಯ ಹಣದಿಂದ, ಬುದ್ಧನ ಚಿತ್ರಗಳನ್ನು ಕಾಪಾಡಿದರು. ಅದರಿಂದ ಅವರ ಈಮಾನಿಗೆ ಧಕ್ಕೆಯಾಗಲಿಲ್ಲ. ತಮ್ಮ ಸೀಮೆಯಲ್ಲಿ ಇದ್ದದ್ದು ತಮ್ಮ ಜವಾಬ್ದಾರಿ ಎಂದು ತಿಳಿದರು, ಅಷ್ಟೇ.

ನಮ್ಮ ಜಿಲ್ಲೆಯ ಸನ್ನತಿಯ ಕಥೆಯೂ ಇಲ್ಲಿ ನೆನಪಾಗುತ್ತದೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ತೆರವು ಮಾಡುವಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಮೀರಿದ ಬರಹ, ಯಾರಿಗೂ ತಿಳಿಯದೆ ಅಲ್ಲೇ ಇತ್ತು. ಆ ದಿನ ಅವಶೇಷವನ್ನು ಗುದ್ದಲಿ ಹಾಕಿ ಎಳೆದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಮ್ಮ ಮುತವಲ್ಲಿಗಳು ಒಮ್ಮೆ ಯೋಚಿಸಬೇಕು. ಹಳೆಯ ಮಸೀದಿಯ ಮೆಟ್ಟಿಲು ಕಲ್ಲಿನ ಅಡಿಮೈಯಲ್ಲಿ ಏನಿದೆಯೋ ಬಲ್ಲವರಾರು?

ಇಷ್ಟು ಹೇಳಿದ ಮೇಲೆ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಜುಮಾ ಮುಗಿದ ಮೇಲೆ ಇಮಾಮರನ್ನು ಮೂಲೆಗೆ ಕರೆದು ಕೇಳುವ ಪ್ರಶ್ನೆಗಳಿವು.

ಮೊದಲನೆಯದು: ಗೋರಿಗಳ ಮೇಲೆ ಕಟ್ಟಡ ಕಟ್ಟುವುದೇ ಸುನ್ನತ್ತಿಗೆ ಸರಿಯಲ್ಲ ಎಂದು ಹಲವು ಉಲಮಾ ಹೇಳಿರುವಾಗ ಈ ಗುಂಬಜುಗಳನ್ನು ಕಾಪಾಡುವ ಮಾತೇಕೆ? ಈ ಅಭಿಪ್ರಾಯಭೇದ ಹಳೆಯದು, ಅದನ್ನು ಈ ಪುಟದಲ್ಲಿ ತೀರ್ಮಾನಿಸಲು ನಾನು ಹೋಗುವುದಿಲ್ಲ. ಆದರೆ ಹೊಸದಾಗಿ ಗೋರಿ ಕಟ್ಟಬೇಕೇ ಎಂಬುದು ಒಂದು ಪ್ರಶ್ನೆ, ಆರುನೂರು ವರ್ಷದ ಹಿಂದೆ ಕಟ್ಟಿದ್ದು ಬೀಳಲಿ ಎಂದು ಬಿಡಬೇಕೇ ಎಂಬುದು ಬೇರೆ ಪ್ರಶ್ನೆ. ಭೂಮಿಯಲ್ಲಿ ತಿರುಗಾಡಿ ಹಿಂದಿನವರ ಗತಿ ಏನಾಯಿತೆಂದು ನೋಡಿರಿ ಎಂದು ಕುರ್‌ಆನ್ ಹಲವು ಕಡೆ ನಮ್ಮನ್ನು ಕರೆಯುತ್ತದೆ. ನೋಡಬೇಕಾದರೆ ಕುರುಹು ಉಳಿದಿರಬೇಕು. ಆಫ್ರಿಕಾದ ಮಾಲಿ ದೇಶದ ತಿಂಬುಕ್ತುವಿನಲ್ಲಿ 2012ರಲ್ಲಿ ಶಸ್ತ್ರ ಹಿಡಿದ ಗುಂಪೊಂದು ದೀನಿನ ಹೆಸರು ಹೇಳಿ ಔಲಿಯಾಗಳ ಗೋರಿಗಳನ್ನು ಹಾರೆ ಗುದ್ದಲಿಗಳಿಂದ ಒಡೆಯಿತು. ಅಲ್ಲಿನ ಮುಸ್ಲಿಮರು ಅತ್ತರು. ಊರಿನ ಗೌಂಡಿಗಳೇ, ತಲೆಮಾರಿನಿಂದ ಬಂದ ಮಣ್ಣಿನ ಕೆಲಸದ ವಿದ್ಯೆಯಿಂದ, ಮೂರು ವರ್ಷದಲ್ಲಿ ಅವನ್ನು ಮತ್ತೆ ಕಟ್ಟಿದರು. ಒಡೆಸಿದವನಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಜೈಲು ವಿಧಿಸಿತು, ಅವನು ತಪ್ಪೊಪ್ಪಿಕೊಂಡು ಕ್ಷಮೆಯನ್ನೂ ಕೇಳಿದ.

ಎರಡನೆಯದು ಹೆಚ್ಚು ನ್ಯಾಯವಾದ ಪ್ರಶ್ನೆ: ಜುಮಾಕ್ಕೆ ಜನ ರಸ್ತೆಯಲ್ಲಿ ನಿಲ್ಲುತ್ತಾರೆ, ಹಳೆಯ ಮಸೀದಿಯಲ್ಲಿ ನಾಲ್ಕು ಸಫ್ ಹಿಡಿಯುವುದೂ ಕಷ್ಟ, ಕೆಡವದೆ ಏನು ಮಾಡಲಿ? ಜನ ಹೆಚ್ಚಾದದ್ದು ಅಲ್ಲಾಹನ ಅನುಗ್ರಹ, ಜಾಗ ಬೇಕು. ಆದರೆ ಜಾಗ ಮಾಡಲು ಕೆಡವುವುದೊಂದೇ ದಾರಿಯಲ್ಲ. ಹಜರತ್ ಶೇಖ್ ಸಿರಾಜುದ್ದೀನ್ ಜುನೈದಿ (ರ) ಅವರ ದರ್ಗಾಕ್ಕೆ ಹೋಗಿ ನೋಡಿ. ಅವರು 1380ರಲ್ಲಿ ತೀರಿಕೊಂಡರು. ಎರಡು ಎತ್ತರದ ಮಿನಾರುಗಳಿರುವ ಮುಂದಿನ ದೊಡ್ಡ ದ್ವಾರ ಬಹಳ ತಡವಾಗಿ, ಆದಿಲ್ ಶಾಹಿಗಳ ಕಾಲದಲ್ಲಿ ಸೇರಿದ್ದು. ಅಧಿಕಾರ ಕೈಯಲ್ಲಿದ್ದ ವಿಜಯಪುರದವರು ಹಳೆಯ ಸಾದಾ ಗುಂಬಜನ್ನು ತೆಗೆದು ತಮ್ಮ ಶೈಲಿಯಲ್ಲಿ ಹೊಸದು ಕಟ್ಟಿಸಬಹುದಿತ್ತು. ಅವರು ಮುಂದೆ ಸೇರಿಸಿದರು, ಹಿಂದಿನದನ್ನು ಮುಟ್ಟಲಿಲ್ಲ. ಹಳೆಯ ನಮಾಜು ಕೋಣೆ ಮಿಹ್ರಾಬಿನ ಜೊತೆ ಹಾಗೆಯೇ ಇರಲಿ, ಪಕ್ಕಕ್ಕೋ ಹಿಂದಕ್ಕೋ ಹೊಸ ಸಭಾಂಗಣ ಬರಲಿ. ಖರ್ಚೂ ಕಡಿಮೆಯಾಗುತ್ತದೆ. ನಮ್ಮ ಕೆಲವು ಕಮಿಟಿಗಳು ಕೆಡವುವುದು ಜಾಗಕ್ಕಿಂತ ಹೆಚ್ಚಾಗಿ ಪಕ್ಕದ ಮೊಹಲ್ಲಾದವರ ಮಿನಾರಿಗಿಂತ ನಮ್ಮದು ಎತ್ತರವಿರಲಿ ಎಂಬ ಕಾರಣಕ್ಕೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ನಾನು ಬರೆದದ್ದಷ್ಟೇ ಹೊಸದು.

ವಕ್ಫ್ ಎಂಬುದರ ಬುಡವನ್ನೂ ನೋಡಬೇಕು. ಹಜರತ್ ಉಮರ್ (ರ) ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಾಗ ಅವರು ಪ್ರವಾದಿ (ಸ) ಅವರ ಸಲಹೆ ಕೇಳಿದರು. ಮೂಲವನ್ನು ಹಾಗೆಯೇ ಉಳಿಸಿ ಫಲವನ್ನು ದಾನ ಮಾಡುವ ದಾರಿಯನ್ನು ಅವರಿಗೆ ತೋರಿಸಲಾಯಿತು. ಮಾರುವ ಹಾಗಿಲ್ಲ, ಬಳುವಳಿ ಕೊಡುವ ಹಾಗಿಲ್ಲ. ಮೂಲವನ್ನು ಉಳಿಸುವುದೇ ವಕ್ಫಿನ ತಿರುಳು. ಮುತವಲ್ಲಿ ಮಾಲೀಕನಲ್ಲ, ಕಾವಲುಗಾರ.

ಮೂರನೆಯ ಪ್ರಶ್ನೆ ಕಾನೂನಿನದು, ಇದು ಬಡವರ ಹೊಟ್ಟೆಗೆ ತಾಗುವ ಪ್ರಶ್ನೆ. ಕೇಂದ್ರ ಸರಕಾರದ 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ನೂರು ಮೀಟರಿನೊಳಗೆ ಇರುವ ಹಳೆಯ ಮನೆಯ ದುರಸ್ತಿಗೆ ಅವಕಾಶವಿದೆ, ಅದಕ್ಕೂ ಅನುಮತಿ ಬೇಕು. ಜನರಿಗೆ ಈ ಕೊನೆಯ ಮಾತು ಗೊತ್ತಿಲ್ಲ. ಸೋರುವ ಚಾವಣಿಗೆ ತಗಡು ಹಾಕಲೂ ಬಿಡುವುದಿಲ್ಲ ಎಂದು ಹೆದರಿ, ಸ್ಮಾರಕವನ್ನೇ ಶತ್ರುವಿನಂತೆ ನೋಡುತ್ತಾರೆ. ಕಾಗದಪತ್ರ ಸಿದ್ಧಮಾಡಿ ಅರ್ಜಿ ಹಾಕಿಸುವುದು ನಮ್ಮ ವಕೀಲ ಸಹೋದರರು ಮಾಡಬಹುದಾದ ಸದಕಾ. ಕೋಟೆಯೊಳಗೆ ತಲೆಮಾರುಗಳಿಂದ ವಾಸವಿರುವ ಕುಟುಂಬಗಳ ವಿಷಯ ಹೈಕೋರ್ಟಿನ ಕಲಬುರಗಿ ಪೀಠದವರೆಗೆ ಹೋಗಿದೆ. ಕೋಟೆ ಸ್ವಚ್ಛವಾಗಬೇಕು, ಕೊಳಚೆ ತುಂಬಿದ ಕಂದಕ ಮತ್ತೆ ಕಂದಕದಂತೆ ಕಾಣಬೇಕು ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಕಲ್ಲಿನ ಹಕ್ಕಿಗಿಂತ ನೆರೆಯವನ ಹಕ್ಕು ಮೊದಲು. ಊರೊಳಗೆ, ಕೆಲಸಕ್ಕೆ ಶಾಲೆಗೆ ಹತ್ತಿರವಾಗಿ ಮನೆ ಕೊಟ್ಟ ಮೇಲೆ ಅವರನ್ನು ಏಳಿಸಬೇಕು. ಸಂರಕ್ಷಣೆಯ ಪರವಾಗಿ ಮಾತಾಡುವವರು ಈ ಮಾತನ್ನು ಮೊದಲು ಆಡಿದರೆ ಅವರ ಉಳಿದ ಮಾತಿಗೂ ಜನ ಕಿವಿಗೊಡುತ್ತಾರೆ.

ಒಳ್ಳೆಯ ಉದಾಹರಣೆಗಳು ದೂರವಿಲ್ಲ. ಬೀದರಿನ ನೌಬಾದಿನಲ್ಲಿ ನೆಲದಡಿಯ ಕರೇಜ್ ನೀರಿನ ಕಾಲುವೆ ಹೂಳು ತುಂಬಿ ಮರೆತೇಹೋಗಿತ್ತು. ಭೂಗೋಳದ ವಿದ್ವಾಂಸರು ಅದರ ದಾರಿ ಗುರುತಿಸಿದರು, ಊರಿನ ಯುವಕರು ಕೈಜೋಡಿಸಿದರು, ಜಿಲ್ಲಾಡಳಿತ ಹೂಳೆತ್ತಿಸಿತು. 2020ರಲ್ಲಿ ದಖ್ಖನದ ಹಳೆಯ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನ ಪಟ್ಟಿಯನ್ನೂ ಸೇರಿದವು. ಹೈದರಾಬಾದಿನ ಕುತುಬ್ ಶಾಹಿ ಗೋರಿಗಳಲ್ಲಿ 2013ರಿಂದ ಆಗಾ ಖಾನ್ ಟ್ರಸ್ಟ್ ಸರಕಾರದ ಜೊತೆಗೂಡಿ ಮಾಡಿದ ಕೆಲಸದಲ್ಲಿ ಹಿಂದಿನವರು ಬಳಿದ ಸಿಮೆಂಟನ್ನು ಕಿತ್ತು ಸುಣ್ಣದ ಗಾರೆಯನ್ನೇ ಮತ್ತೆ ಹಾಕಿದರು. ನಮ್ಮ ಕಲಬುರಗಿಯ, ಬೀದರಿನ ಬಹಮನಿ ಕಟ್ಟಡಗಳೂ ವಿಜಯಪುರ, ಹೈದರಾಬಾದಿನವುಗಳ ಜೊತೆ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಆ ಪಟ್ಟಿಯಿಂದ ಪೂರ್ಣ ಪಟ್ಟಿಗೆ ಹೋಗುವ ದಾರಿ ಊರಿನ ಜನರ ಮನಸ್ಸಿನ ಮೂಲಕವೇ ಹಾದುಹೋಗಬೇಕು. ಇಂಟ್ಯಾಕ್ ಸಂಸ್ಥೆಯ ಕಲಬುರಗಿ ಘಟಕದವರು, ಇಲ್ಲಿನ ಇತಿಹಾಸ ಅಧ್ಯಾಪಕರು, ಕಲಾವಿದರು ಈ ಮಾತನ್ನು ಹೇಳುತ್ತಲೇ ಬಂದಿದ್ದಾರೆ. ಅವರಲ್ಲಿ ಬೇರೆ ಧರ್ಮದವರೂ ಅನೇಕರಿದ್ದಾರೆ. ನಮ್ಮ ಮಸೀದಿಯ ಗೋಡೆಗಾಗಿ ಅವರು ಅರ್ಜಿ ಬರೆಯುವಾಗ ನಾವು ಸುಮ್ಮನಿರುವುದು ಚೆನ್ನಾಗಿ ಕಾಣುವುದಿಲ್ಲ.

ಸಿಮೆಂಟಿನ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೆಟ್ಟ ಮನಸ್ಸಿನಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೆಚ್ಚಿನ ಹಾನಿ ಆಗುತ್ತಿದೆ. ಹಳೆಯ ಗೋಡೆ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯಂಥವು ಸೇರಿದ ಗಾರೆಯಿಂದ ಕಟ್ಟಿದ್ದು. ಅದು ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚುತ್ತದೆ. ನೀರು ಒಳಗೇ ಉಳಿದು ಉಪ್ಪು ಕಟ್ಟಿ ಕಲ್ಲನ್ನೇ ಪುಡಿ ಮಾಡುತ್ತದೆ. ಹತ್ತು ವರ್ಷದಲ್ಲಿ ಸಿಮೆಂಟು ಕಳಚುವಾಗ ಹಳೆಯ ಗಚ್ಚನ್ನೂ ಎಳೆದುಕೊಂಡು ಬೀಳುತ್ತದೆ. ಆಯಿಲ್ ಪೇಂಟಿನದೂ ಇದೇ ಕಥೆ. ಉರ್ಸಿಗೆ ಮುಂಚೆ ಹಸಿರು ಆಯಿಲ್ ಪೇಂಟ್ ಹೊಡೆಸುವ ಭಕ್ತರು ಅದೇ ಹಣದಲ್ಲಿ ಸುಣ್ಣ ಹೊಡೆಸಿದರೆ ಕಟ್ಟಡಕ್ಕೆ ಜೀವ ಬರುತ್ತದೆ. ಮಾಲಿಯದೇ ಜೆನ್ನೆ ಊರಿನ ದೊಡ್ಡ ಮಣ್ಣಿನ ಮಸೀದಿಗೆ ವರ್ಷಕ್ಕೊಮ್ಮೆ ಇಡೀ ಊರು ಸೇರಿ ಹೊಸ ಮಣ್ಣು ಮೆತ್ತುತ್ತದೆ, ಅದೊಂದು ಹಬ್ಬ. ಹುಡುಗರು ಏರುತ್ತಾರೆ, ಹೆಂಗಸರು ನೀರು ಹೊರುತ್ತಾರೆ.

ನಗರದಲ್ಲಿ ಕನಿಷ್ಠ ಇಲಾಖೆಯ ನೀಲಿ ಬೋರ್ಡುಗಳಿವೆ. ಹಳ್ಳಿಗಳಲ್ಲಿರುವುದನ್ನು ನೆನೆದರೆ ನನಗೆ ಚಿಂತೆ ಹೆಚ್ಚು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೋಗುವವರು ಕೆಂಪು ಬಾಳೆಹಣ್ಣಿಗೆ ಗಾಡಿ ನಿಲ್ಲಿಸುತ್ತಾರೆ. ಭೌಗೋಳಿಕ ಗುರುತು ಪಡೆದ ಹಣ್ಣು, ರುಚಿಗೆ ಎರಡು ಮಾತಿಲ್ಲ. ಆದರೆ ಅದೇ ಕಮಲಾಪುರ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಂಬಜುಗಳ ಇಡೀ ಗುಂಪೇ ಇದೆ, ಶೇಖ್ ಮುಹಮ್ಮದ್ ಮಶಾಯಖ್ ಮತ್ತು ಅವರ ಬಳಗದವರದು. ದೇಶ ವಿದೇಶದ ವಿದ್ವಾಂಸರು ದಖ್ಖನಿನ ಇಸ್ಲಾಮಿ ವಾಸ್ತುವಿನ ಪುಸ್ತಕಗಳಲ್ಲಿ ಅದರ ಬಗ್ಗೆ ಬರೆದಿದ್ದಾರೆ. ನಮ್ಮ ಮದರಸಾಗಳ ಪ್ರವಾಸದ ಪಟ್ಟಿಯಲ್ಲಿ ಅದರ ಹೆಸರು ನಾನು ನೋಡಿಲ್ಲ. ಹೈದರಾಬಾದಿನ ಝೂ ಇದೆ.

ಹಾಗಾಗಿ ಮಸೀದಿ, ದರ್ಗಾ ಕಮಿಟಿಗಳಿಗೆ ನನ್ನ ವಿನಂತಿ ದೊಡ್ಡದೇನಲ್ಲ. ಯಾವುದೇ ಕೆಲಸದ ಠರಾವು ಮಾಡುವ ಮೊದಲು ಕಟ್ಟಡದ ನಾಲ್ಕೂ ಮಗ್ಗುಲು, ಮಿಹ್ರಾಬು, ಚಾವಣಿ, ಬರಹವಿರುವ ಪ್ರತಿ ಕಲ್ಲಿನ ಫೋಟೋ ತೆಗೆಯಿಸಿ ರಿಜಿಸ್ಟರಿಗೆ ಅಂಟಿಸಿ. ಫಾರ್ಸಿ ಅರಬಿ ಓದಬಲ್ಲ ಆಲಿಮರೊಬ್ಬರನ್ನು ಕರೆಸಿ ಅವನ್ನು ಕನ್ನಡದಲ್ಲಿ ಬರೆಸಿ ಇಡಿ, ಈ ಪತ್ರಿಕೆಗೂ ಒಂದು ಪ್ರತಿ ಕಳಿಸಿ. ಗುಂಬಜಿನ ಬಿರುಕಿನಲ್ಲಿ ಅರಳಿ, ಆಲದ ಸಸಿ ಎದ್ದಿದ್ದರೆ ಕೈಯಿಂದ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಿ, ಬೇರು ಸತ್ತ ಮೇಲೆ ಬಲ್ಲವರಿಂದ ಸುಣ್ಣದ ಗಾರೆ ತುಂಬಿಸಿ. ಸರಕಾರಿ ಸಂರಕ್ಷಿತ ಕಟ್ಟಡವಾದರೆ ಅದನ್ನೂ ಇಲಾಖೆಗೆ ತಿಳಿಸಿಯೇ ಮಾಡಬೇಕು. ಇನ್ನು ಮಿರಗದ ಮಳೆಗೆ ಮುಂಚೆ ಚಾವಣಿಯ ಮೇಲಿನ ಎಲೆ, ಕಸ, ಪಾರಿವಾಳದ ಗೂಡು ತೆಗೆದು ನೀರು ಹೋಗುವ ಕಲ್ಲಿನ ದೋಣಿಗಳನ್ನು ಬಿಡಿಸಿ. ಅದಕ್ಕೆ ಚಂದಾ ಬೇಕಿಲ್ಲ. ಒಂದು ಏಣಿ, ಎರಡು ಪೊರಕೆ, ಅಸರ್ ನಮಾಜಿನ ನಂತರ ಒಂದು ತಾಸು ಬಿಡುವಿರುವ ನಾಲ್ಕು ಹುಡುಗರು ಸಾಕು.